ಬಿಳಿ ಫ್ಯೂಸು

ನಮ್ಮಣ್ಣನದು ಬೆಣ್ಣೆಯಂಥ ಮಾತು. "ಗಾಜಿನ ಫ್ಯೂಸು ಬೇಡ ಕಣೇ, ಪಿಂಗಾಣೀದು ಹಾಕು. ಗಟ್ಟಿ, ನೋಡೋಕೂ ಚೆಂದ" ಅಂದ. ತಾನೇ ತಂದು, ಬೆಳಿಗ್ಗೆ ನಾನು ತಲೆ ಬಾಚಿಕೊಳ್ಳುವಷ್ಟರಲ್ಲಿ ತಾನೇ ಹಾಕಿಯೂ ಕೊಟ್ಟ. ನಾನೊಬ್ಬಳು ಪೆದ್ದಿ, "ನೀನಿಲ್ದಿದ್ರೆ ನಂಗ್ಯಾರಿದಾರೆ" ಅಂದೆ. ಆ ಮಾತು ನೆನೆದರೆ ಈಗಲೂ ಮೈ ಉರಿಯುತ್ತದೆ.

ಕಾಲೇಜಿನ ಲ್ಯಾಬಿನಲ್ಲಿ ಒಂದು ಕೆಲಸ ಖಾಲಿಯಿತ್ತು. ಕೈಯಾರೆ ಕಟ್ಟಿದ ಹನ್ನೆರಡು ವೋಲ್ಟಿನ ಡಿಸಿ ಸಪ್ಲೈ ತಂದು ತೋರಿಸಬೇಕು. ಕೆಲಸ ಸಿಕ್ಕರೆ, ಅಣ್ಣನ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಹನ್ನೊಂದು ವರ್ಷ ಬೆನ್ನು ಬಾಗಿಸಿದ್ದಕ್ಕೆ ಮುಕ್ತಿ. ಅಲ್ಲಿ ಹೆಸರು ಅವನದು, ದುಡಿಮೆ ನನ್ನದು. ಟ್ರಾನ್ಸ್‌ಫಾರ್ಮರ್, ಡಯೋಡ್, ಕೆಪಾಸಿಟರ್ ಎಲ್ಲವನ್ನೂ ಅಳೆದೂ ಸುರಿದೂ ಆರಿಸಿದ್ದೆ. ಕಾಡಿದ್ದು ಫ್ಯೂಸೊಂದೇ. ಸ್ವಿಚ್ ಹಾಕಿದ ಕೂಡಲೇ ಕೆಪಾಸಿಟರ್ ಗಟಗಟನೆ ಕರೆಂಟು ಕುಡಿಯುತ್ತದೆ. ಬೇಗ ಸುಡುವ ಫ್ಯೂಸುಗಳು ಅಷ್ಟಕ್ಕೇ ಹೋಗುತ್ತಿದ್ದವು. ಕೊನೆಗೆ ನಿಧಾನಕ್ಕೆ ಸುಡುವ ಮೂರು ಆಂಪಿನ ಗಾಜಿನದು ಸರಿಹೋಯಿತು. ತೋರಿಸಲು ಹೊರಟ ದಿನ ಬೆಳಿಗ್ಗೆ ಅಣ್ಣ ಅದನ್ನೇ ತೆಗೆದು ಬಿಳಿಯದು ಹಾಕಿದ್ದ.

ಲ್ಯಾಬಿನ ಮೇಷ್ಟ್ರು ಬಲ್ಬು ಉರಿಸಿ ನೋಡಿ ತಲೆಯಾಡಿಸಿದರು. ಆಮೇಲೆ ಸ್ಕ್ರೂಡ್ರೈವರನ್ನು ಎರಡೂ ಟರ್ಮಿನಲ್‌ಗಳಿಗೆ ಅಡ್ಡ ಇಟ್ಟು ಶಾರ್ಟ್ ಮಾಡಿ, "ಈಗ ಫ್ಯೂಸ್ ಹೋಗ್ಬೇಕು" ಅಂದರು. ಹೋಗಲಿಲ್ಲ. ಡಯೋಡ್ ಫಟ್ಟೆಂದಿತು, ಟ್ರಾನ್ಸ್‌ಫಾರ್ಮರ್ ಹೊಗೆಯಾಡಿತು.

"ಫ್ಯೂಸ್ ಆರಿಸೋಕೆ ಬರದೋರ ಕೈಗೆ ಲ್ಯಾಬು ಹೇಗಮ್ಮ ಕೊಡ್ಲಿ?" ಎಂದು ಮುಂದಿನವರನ್ನು ಕರೆದರು.

ಹೊರಗೆ ಮೆಟ್ಟಿಲ ಮೇಲೆ ಕೂತು ಆ ಬಿಳಿ ಫ್ಯೂಸನ್ನು ಇಕ್ಕಳದಲ್ಲಿ ಒಡೆದೆ. ಒಳಗೆ ಸುಟ್ಟುಹೋಗಬೇಕಾದ ಸಣ್ಣ ಎಳೆಯ ಬದಲು ಈ ತುದಿಯಿಂದ ಆ ತುದಿಗೆ ದಪ್ಪ ತಾಮ್ರದ ತಂತಿ. ಗಾಜಿನದಾಗಿದ್ದರೆ ಹೊರಗಿನಿಂದಲೇ ಕಾಣುತ್ತಿತ್ತು. ಬೆಸುಗೆ ಮಾತ್ರ ಅಚ್ಚುಕಟ್ಟು. ಆ ಕೈ ನನಗೆ ಗೊತ್ತಿಲ್ಲವೇ? ನನಗೆ ಬೆಸುಗೆ ಹಾಕಲು ಕಲಿಸಿದ ಕೈ ಅದು.

ಅಂಗಡಿಗೆ ಬಂದು ಚೂರುಗಳನ್ನು ಅವನ ಮುಂದೆ ಸುರಿದೆ. "ಒಡಹುಟ್ಟಿದೋಳಿಗೆ ಹೀಗಾ ಮಾಡೋದು? ಥೂ!"

ಅವನು ತಲೆಯೆತ್ತಲಿಲ್ಲ. "ನೀನು ಹೋದ್ರೆ ಅಂಗಡಿ ಮುಚ್ಚಬೇಕಲ್ಲೇ."

"ಬಾಯಿಬಿಟ್ಟು ಹೇಳೋಕೇನಾಗಿತ್ತು ನಿಂಗೆ?"

"ಹೇಳಿದ್ರೆ ನಿಲ್ತಿದ್ಯಾ?"

ನಿಲ್ಲುತ್ತಿದ್ದೆನೇನೋ. ಹೊಟ್ಟೆ ಉರಿದದ್ದು ಅದಕ್ಕೇ.

ಹಿಂದಿನ ಕೋಣೆಗೆ ಹೋದೆ. ನನ್ನ ಮೇಜಿನ ಮೇಲೆ ಐದು ಆಂಪ್ಲಿಫೈಯರ್ ಸಾಲಾಗಿ ಕೂತಿದ್ದವು. ಒಂದೊಂದಕ್ಕೂ ಅವನ ಕೈಬರಹದ ಚೀಟಿ: ಸೋಮವಾರ ಕೊಡಬೇಕು, ಮಂಗಳವಾರ ಕೊಡಬೇಕು. ಪಕ್ಕದಲ್ಲಿ ಬೆಸುಗೆ ಹಾಕುವ ನನ್ನ ಸಾಲ್ಡರಿಂಗ್ ಐರನ್ ಆಗಲೇ ಕಾದಿತ್ತು. ನಾನು ವಾಪಸು ಬರುವ ಹೊತ್ತು ನೋಡಿಕೊಂಡು ಸ್ವಿಚ್ ಹಾಕಿಟ್ಟಿದ್ದ.

ಪ್ಲಗ್ ಕಿತ್ತೆ. ಅದು ತಣ್ಣಗಾಗುವವರೆಗೂ ಅಲ್ಲೇ ನಿಂತಿದ್ದೆ. ಆಮೇಲೆ ಅದನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ.