ತೆರೆಯದ ಪಟ್ಟಿ

ಕಂಪ್ಯೂಟರಿನಲ್ಲಿ ಪಟ್ಟಿ ಮೂರನೆಯ ಸಲವೂ ತೆರೆದುಕೊಂಡಿತು, ಅರೆಗಳಿಗೆ ನಿಂತಿತು, ಪಟಕ್ಕನೆ ಮುಚ್ಚಿಕೊಂಡಿತು. ರಕ್ತನಿಧಿಯ ಗುಮಾಸ್ತೆ ಮತ್ತೆ ಒತ್ತಿ ನೋಡಿದಳು. ಅದರಲ್ಲಿದ್ದದ್ದು ಅಪರೂಪದ ಗುಂಪಿನ ರಕ್ತವಿರುವ ಇಪ್ಪತ್ತಮೂರು ಜನರ ಫೋನ್ ನಂಬರು. ಮೇಲಿನ ಮಹಡಿಯಲ್ಲಿ ಆಗಷ್ಟೇ ಹೆತ್ತ ಹೆಂಗಸಿಗೆ ರಕ್ತಸ್ರಾವ ನಿಂತಿರಲಿಲ್ಲ. ಅವಳದೂ ಅದೇ ಗುಂಪು. ಆ ಗುಂಪಿನ ಎರಡೇ ಚೀಲ ಇದ್ದದ್ದು, ಎರಡೂ ಮೇಲೆ ಹೋಗಿದ್ದವು. ಬೇರೆ ಯಾವ ರಕ್ತನಿಧಿಯಲ್ಲೂ ಇರಲಿಲ್ಲ.

ಪ್ರತಿ ಶನಿವಾರ ಪಟ್ಟಿಯನ್ನು ಮುದ್ರಿಸಿ ಗೋಡೆಗೆ ಅಂಟಿಸುವುದು ಅಲ್ಲಿನ ಪದ್ಧತಿ. ಈ ಸಲ ಹಳೆಯದನ್ನು ಹರಿದು ಬುಟ್ಟಿಗೆ ಹಾಕಿದವಳು, ಹೊಸದನ್ನು ಸೋಮವಾರ ಅಂಟಿಸಿದರಾಯಿತು ಎಂದುಕೊಂಡಿದ್ದಳು. ಇವತ್ತು ಸೋಮವಾರ. ಬೆಳಿಗ್ಗೆ ಬಂದವಳೇ, ಪಟ್ಟಿಯ ಪ್ರೋಗ್ರಾಂಗೆ ಹೊಸ ಆವೃತ್ತಿ ಬೇಕೇ ಎಂದು ಪರದೆಯ ಮೇಲೆ ಎರಡು ವಾರದಿಂದ ಪ್ರಾಣ ತಿನ್ನುತ್ತಿದ್ದ ಪ್ರಶ್ನೆಗೆ, ಕಾಟ ತಪ್ಪಿದರೆ ಸಾಕೆಂದು 'ಹೌದು' ಒತ್ತಿದ್ದಳು. 'ಹೊಸದು ಹಾಕಬೇಡಿ, ನನ್ನನ್ನು ಕೇಳಿ' ಎಂದು ದೊಡ್ಡ ಡಾಕ್ಟರು ಬರೆದಂಟಿಸಿದ್ದ ಚೀಟಿ ಕಣ್ಣೆದುರೇ ಇತ್ತು. ದಿನಾ ನೋಡುವ ಚೀಟಿಯನ್ನು ಯಾರು ತಾನೆ ಓದುತ್ತಾರೆ!

ಈಗ ದೊಡ್ಡ ಡಾಕ್ಟರು ಅವಳ ಬೆನ್ನ ಹಿಂದೆಯೇ ನಿಂತಿದ್ದರು. ಮೇಜಿನ ಮೇಲಿನ ಫೋನಿನಲ್ಲಿ ಕಂಪ್ಯೂಟರ್ ರಿಪೇರಿಯವನು ಎಲ್ಲರಿಗೂ ಕೇಳುವಂತೆ ಮಾತಾಡುತ್ತಿದ್ದ.

"ಹೊಸ ವರ್ಷನ್ ಏನಾದ್ರೂ ಹಾಕಿದ್ರಾ ಮೇಡಂ?"

"ಇಲ್ಲಪ್ಪ, ನಾನೇನೂ ಮುಟ್ಟೇ ಇಲ್ಲ."

ಮಾತು ತಾನಾಗಿ ಹೊರಬಿತ್ತು. ಹೋದ ವರ್ಷ ಇಷ್ಟೇ ತಪ್ಪಿಗೆ ಲ್ಯಾಬಿನವಳನ್ನು ನಿಂತ ನಿಲುವಿನಲ್ಲೇ ಮನೆಗೆ ಕಳಿಸಿದ್ದರು. ರಿಪೇರಿಯವನು ಅವಳ ಮಾತನ್ನು ನಂಬಿದ. ವೈರು ಕೀಳಿಸಿ ಮತ್ತೆ ಹಾಕಿಸಿದ, ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿಸಿದ, ನೆಟ್‌ವರ್ಕ್ ನೋಡಿಸಿದ. ದಾರಿ ತಪ್ಪಿಸಿದವಳೇ ಅವನು ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದಳು. ಹತ್ತು ನಿಮಿಷ ಹೋಯಿತು.

ನರ್ಸು ಮೆಟ್ಟಿಲಿಳಿದು ಓಡಿಬಂದಳು. "ಇನ್ನೂ ಯಾರೂ ಸಿಕ್ಕಿಲ್ವಾ ಅಕ್ಕಾ? ಎರಡನೇ ಚೀಲಾನೂ ಹಾಕಿಬಿಟ್ವಿ."

ಗುಮಾಸ್ತೆ ಮೌಸ್ ಬಿಟ್ಟಳು. "ಸಾರ್, ಹೊಸದು ಹಾಕಿದ್ದು ನಾನೇ. ಬೆಳಿಗ್ಗೆ," ಎಂದಳು. ಹೇಳುವಾಗ ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಡಾಕ್ಟರು ಫೋನನ್ನು ಅವಳ ಹತ್ತಿರಕ್ಕೆ ಸರಿಸಿದರು. ಫೋನಿನವನು ಕೂಗಿದ: "ಅಯ್ಯೋ, ಮೊದ್ಲೇ ಹೇಳ್ಬಾರ್ದಾ? ಚೀಲಕ್ಕೆ ಲೇಬಲ್ ಹಾಕೋ ಹಳೇ ಪ್ರೋಗ್ರಾಂ ಸೇರಿಸಿದ್ವಲ್ಲ, ಹೊಸದರಲ್ಲಿ ಅದು ಎಲ್ಲಾನೂ ಮುಚ್ಚಿಸಿಬಿಡತ್ತೆ. ಕಂಟ್ರೋಲ್ ಕೀ ಒತ್ತಿಕೊಂಡೇ ಐಕಾನ್ ಒತ್ತಿ. ಸೇಫ್ ಮೋಡ್ ಬೇಕಾ ಅಂತ ಕೇಳತ್ತೆ, ಹೌದು ಅನ್ನಿ, ಆ ಹಳೇದನ್ನ ಬಿಟ್ಟು ತೆರೆಯತ್ತೆ. ಆಮೇಲೆ ಪಟ್ಟಿ ತೆಗೀರಿ."

'ಹೌದು' ಒತ್ತಲು ಈ ಸಲ ಅವಳ ಬೆರಳು ಹಿಂದೇಟು ಹಾಕಿತು. ಒತ್ತಿದಳು. ಪಟ್ಟಿ ತೆರೆಯಿತು. ಮುಚ್ಚಲಿಲ್ಲ.

ಮೊದಲನೆಯವರ ಫೋನ್ ಆಫ್ ಆಗಿತ್ತು. ಎರಡನೆಯವರು ಎತ್ತಲಿಲ್ಲ. ಮೂರನೆಯವರು ದರ್ಜಿ, ಎತ್ತಿದರು.

"ಇಷ್ಟು ಹೊತ್ತೂ ನಿಮ್ಮ ಆಸ್ಪತ್ರೆ ಎದುರಿಗೇ ನಿಂತಿದ್ದೆನಲ್ಲಮ್ಮ! ಈಗ ತಾನೆ ಬಸ್ ಹತ್ತಿದೆ. ಇರಿ, ಇಳಿದು ಓಡಿ ಬರ್ತೀನಿ."

ಅವಳಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಗೇಟಿನ ತನಕ ಹೋಗಿ ನಿಂತಳು. ಬಾಣಂತಿಯ ತಾಯಿ ಕೂಸಿನ ಬಟ್ಟೆಯ ಚೀಲ ಹಿಡಿದುಕೊಂಡೇ ಅವಳ ಹಿಂದೆ ಬಂದರು.

"ಯಾರಿಗೆ ಕಾಯ್ತಿದೀಯಮ್ಮ?"

"ನಿಮ್ಮ ಮಗಳಿಗೆ ರಕ್ತ ಕೊಡೋರು ಬರ್ತಿದಾರೆ."

"ನಿನ್ನ ಹೊಟ್ಟೆ ತಣ್ಣಗಿರ್ಲಿ," ಎಂದರು ಆಕೆ. ಬಿಸಿಲಿಗೆ ಹಣೆಯ ಮೇಲೆ ಕೈ ಅಡ್ಡ ಹಿಡಿದು, ಓಡಿ ಬರುವವರು ಯಾರಾದರೂ ಇದ್ದಾರೆಯೇ ಎಂದು ರಸ್ತೆಯುದ್ದಕ್ಕೂ ನೋಡತೊಡಗಿದರು.