ಸಿಳ್ಳೆಯ ದನಿ

ಬಸ್ಸಿನ ಇಂಜಿನ್ನು ಒಮ್ಮೆ ಕೆಮ್ಮಿದರೆ ಸಾಕು, ರೋಗ ಎಲ್ಲಿದೆಯೆಂದು ಅಪ್ಪನಿಗೆ ಕಿವಿಯಲ್ಲೇ ಗೊತ್ತಾಗುತ್ತಿತ್ತು. ಡಿಪೋದಲ್ಲಿ ಇಪ್ಪತ್ತೆರಡು ವರ್ಷ ಮೆಕ್ಯಾನಿಕ್ ಆಗಿದ್ದವನು. ಹೆಂಡತಿ ತೀರಿಕೊಂಡ ವರ್ಷ ಮನೆಯ ಮೌನ ತಡೆಯಲಾರದೆ ಹಳೆಯ ಡ್ರಮ್ಮುಗಳನ್ನೂ ಒಂದು ಗಿಟಾರನ್ನೂ ತಂದು ಮುಂದಿನ ಕೋಣೆಯಲ್ಲಿಟ್ಟ. ಅಕ್ಕ ಡ್ರಮ್ಮಿನ ಮುಂದೆ ಕೂತಳು, ಗಿಟಾರನ್ನು ತಮ್ಮ ಎತ್ತಿಕೊಂಡ. ಕೊನೆಯವಳ ಪಾಲಿಗೆ ಏನೂ ಉಳಿದಿರಲಿಲ್ಲ, ಹಾಡಿದಳು. ಮಾತಿಗಿಂತ ಮೊದಲೇ ಸಿಳ್ಳೆ ಹಾಕಲು ಕಲಿತವಳೆಂದು ಮನೆಯಲ್ಲಿ ಅವಳಿಗೆ ಸಿಳ್ಳೆ ಎಂದೇ ಹೆಸರು. ಆಗ ಅವಳಿಗೆ ಒಂಬತ್ತು, ಅಕ್ಕನಿಗೆ ಹದಿನಾರು.

ಪಕ್ಕದ ಮನೆಯವರು ಬೈಯದಿರಲೆಂದು ಕಿಟಕಿಗೆ ಹಾಸಿಗೆ ಒತ್ತಿಟ್ಟು ಅಭ್ಯಾಸ ಮಾಡಿದರು. ಮೊದಲು ಶಾಲೆಗಳು, ಆಮೇಲೆ ಬಾಡಿಗೆಯ ಸಭಾಂಗಣಗಳು, ರೇಡಿಯೊ, ಟಿವಿ. ಸಿಳ್ಳೆಗೆ ಹದಿನಾಲ್ಕಾಗುವಷ್ಟರಲ್ಲಿ ಅಪ್ಪ ರಿಪೇರಿ ಮಾಡುತ್ತಿದ್ದ ಬಸ್ಸುಗಳ ಬೆನ್ನಿಗೇ ಮಕ್ಕಳ ಮುಖಗಳು ಅಂಟಿದವು. ಅಪ್ಪ ಅವತ್ತೇ ಸ್ಪ್ಯಾನರ್ ಕೆಳಗಿಟ್ಟು ಡಿಪೋದಿಂದ ಹೊರಬಿದ್ದ.

ಹದಿನಾರರಲ್ಲಿ ಸಿಳ್ಳೆಯ ದನಿ ಮೇಲಿನ ಸ್ವರಗಳಲ್ಲಿ ಒಡೆಯತೊಡಗಿತು. ಅಕ್ಕ ಅವಳನ್ನು ಗಂಟಲಿನ ಡಾಕ್ಟರ ಬಳಿ ಕರೆದೊಯ್ದಳು. ಪರೀಕ್ಷೆ ಮುಗಿಸಿ ಹುಡುಗಿಯನ್ನು ಹೊರಗೆ ಕೂರಿಸಿದ ಡಾಕ್ಟರು ಹಾಳೆಯ ಮೇಲೆ ಗಂಟಲಿನ ಚಿತ್ರ ಬರೆದು ಎರಡು ಚುಕ್ಕೆ ಇಟ್ಟರು.

"ಇಲ್ಲಿ ಗಂಟಾಗಿದೆ. ಆರು ತಿಂಗಳು ಹಾಡಬಾರದು, ಪಿಸುಗುಟ್ಟಲೂ ಬಾರದು. ಹಟ ಮಾಡಿದ್ರೆ ಈ ದನಿ ಮತ್ತೆ ಸಿಗಲ್ಲಮ್ಮ."

ಮೂರು ವಾರದಲ್ಲಿ ಕ್ರೀಡಾಂಗಣದ ಕಾರ್ಯಕ್ರಮವಿತ್ತು. ಅವರ ಬದುಕಿನಲ್ಲೇ ದೊಡ್ಡದು. ಹೊರಗೆ ಬೆಂಚಿನ ಮೇಲೆ ಸಿಳ್ಳೆ ಕಾಲಾಡಿಸುತ್ತ ಕೂತಿದ್ದಳು.

"ಏನಂದ್ರಕ್ಕಾ?"

"ಏನಿಲ್ಲ ಬಿಡೇ, ದಣಿವಂತೆ. ಬಿಸಿನೀರು ಕುಡೀಬೇಕಂತೆ."

ಸಂಜೆ ಅಪ್ಪನಿಗೆ ಮಾತ್ರ ನಿಜ ಹೇಳಿದಳು. "ನನಗೆ ಯಾವಾಗಲೋ ಕೇಳಿಸಿತ್ತು," ಅಂದ. "ಇದೊಂದು ಮುಗೀಲಿ. ಆಮೇಲೆ ನೀನೇ ಹೇಳು. ದೊಡ್ಡವಳು ನೀನು."

ಆ ಒಂದು ಮುಗಿಯಿತು. ಅದರ ಬಾಲ ಹಿಡಿದು ನಲವತ್ತು ಬಂದವು. ಹೇಳುವ ದಿನ ಮಾತ್ರ ಬರಲಿಲ್ಲ. ಮರುವರ್ಷ ಒಂದು ಮಧ್ಯಾಹ್ನ ಅಭ್ಯಾಸಕ್ಕೆ ನಿಂತ ಸಿಳ್ಳೆ ಬಾಯಿ ತೆರೆದಳು. ಗಾಳಿ ಬಂತು, ದನಿ ಬರಲಿಲ್ಲ.

ಅಪ್ಪನೇ ದಾರಿ ಹುಡುಕಿದ. ಅಕ್ಕತಂಗಿಯರ ದನಿ ಒಂದೇ ಅಚ್ಚಿನದು. ಅಕ್ಕ ಡ್ರಮ್ಮಿನ ಹಿಂದೆ ತಲೆ ತಗ್ಗಿಸಿ, ಮರೆಯಲ್ಲಿಟ್ಟ ಮೈಕಿಗೆ ಹಾಡಿದಳು. ಮುಂದೆ ನಿಂತ ಸಿಳ್ಳೆ ತುಟಿ ಆಡಿಸಿದಳು. ಜನ ಮೊದಲಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಎಲ್ಲಕ್ಕಿಂತ ಹೀನಾಯವಾದದ್ದೇನೆಂದರೆ, ಅಕ್ಕನಿಗೆ ಅದು ಇಷ್ಟವಾಯಿತು. ಇಷ್ಟು ವರ್ಷ ತಂಗಿಯ ಬೆನ್ನು ನೋಡುತ್ತ ಡ್ರಮ್ಮು ಬಡಿದವಳಿಗೆ ಈಗ ಆ ಚಪ್ಪಾಳೆ ತನ್ನದೆಂದು ಗೊತ್ತಿತ್ತು. ಆ ಬೆನ್ನು ಕಾಣದಂತೆ ಕಣ್ಣು ಮುಚ್ಚಿ ಹಾಡುವುದನ್ನು ಕಲಿತಳು.

ಹದಿನೆಂಟು ತುಂಬಿದ ಮೇಲೆ ಸಿಳ್ಳೆ ಯಾರಿಗೂ ಹೇಳದೆ ಒಬ್ಬಳೇ ಅದೇ ಡಾಕ್ಟರ ಬಳಿ ಹೋದಳು. ಅವರು ಹಳೆಯ ಕಡತ ತಿರುವಿ ಕನ್ನಡಕ ತೆಗೆದರು. "ಎರಡು ವರ್ಷದ ಹಿಂದೇನೇ ನಿಮ್ಮಕ್ಕನಿಗೆ ಹೇಳಿದ್ನಲ್ಲಮ್ಮಾ?"

ಮನೆಯಲ್ಲಿ ಅವಳು ಜಗಳವಾಡಲಿಲ್ಲ. ಮುಂದಿನ ಭಾನುವಾರ, ಹಾಡುಹಗಲು, ಬಯಲಿನ ವೇದಿಕೆಯಲ್ಲಿ ಹಾಡಿನ ನಡುವೆ ತುಟಿ ಮುಚ್ಚಿದಳು. ಮೈಕಿನಿಂದ ಎರಡು ಹೆಜ್ಜೆ ಸರಿದು, ಹಿಂದಕ್ಕೆ ತಿರುಗಿ ಅಕ್ಕನನ್ನೇ ನೋಡುತ್ತ ನಿಂತಳು. ಕಣ್ಣು ಮುಚ್ಚಿದ್ದ ಅಕ್ಕ ಇನ್ನೂ ಎರಡು ಸಾಲು ಹಾಡಿದಳು. ಕಣ್ಣು ತೆರೆದಾಗ ಮುಂದಿನ ಸಾಲಿನವರು ನಗುತ್ತಿದ್ದರು. ಆಮೇಲೆ ಕೂಗು, ಆಮೇಲೆ ನೀರಿನ ಬಾಟಲಿಗಳು.

ವಾರದೊಳಗೆ ಬಸ್ಸುಗಳ ಬೆನ್ನಿನಿಂದ ಮುಖಗಳನ್ನು ಕೆರೆದು ತೆಗೆದರು. ಹಡಗೊಂದರ ವಾದ್ಯತಂಡ ಸೇರಿ ತಮ್ಮ ಹೊರಟುಹೋದ. ಅಪ್ಪ ಮಾತು ಕಡಿಮೆ ಮಾಡಿದ. ರೇಡಿಯೊ ಹಾಕಿದರೆ ಎದ್ದು ಹೋಗುತ್ತಿದ್ದ. ಸಿಳ್ಳೆ ಮನೆ ಬಿಟ್ಟು ಬಾಡಿಗೆಯ ಕೋಣೆ ಹಿಡಿದು ಬಟ್ಟೆಯ ಕಾರ್ಖಾನೆ ಸೇರಿದಳು. ಮಗ್ಗಗಳ ಸದ್ದಿನಲ್ಲಿ ಅಲ್ಲಿ ಎಲ್ಲರದೂ ಕೈಸನ್ನೆಯ ಮಾತೇ, ಅವಳೂ ಎಲ್ಲರಂತೆ.

ವರ್ಷ ಕಳೆದ ಮೇಲೆ ಅಕ್ಕ ಧೈರ್ಯ ಮಾಡಿ ಕಾರ್ಖಾನೆಯ ಗೇಟಿನಲ್ಲಿ ನಿಂತಳು. ಕೂದಲಿಗೆ ಹತ್ತಿಯ ಎಳೆ ಅಂಟಿಸಿಕೊಂಡು ತಂಗಿ ಹೊರಬಂದಳು.

"ತಪ್ಪಾಯ್ತು ಕಣೇ. ಹೇಳಬೇಕಿತ್ತು. ಹೇಳಿದ್ರೆ ನೀನು ಹಾಡ್ತಿರಲಿಲ್ಲ, ಇವತ್ತು..."

"ಹಾಡ್ತಿದ್ದೆ," ಅಂದಳು ಸಿಳ್ಳೆ. ಮರ ಉಜ್ಜಿದಂಥ ದನಿ. "ಆ ಕ್ರೀಡಾಂಗಣ ಬಿಟ್ಟುಕೊಡ್ತಿದ್ನಾ ನಾನು? ಆದ್ರೆ ದನಿ ಕಳ್ಕೊಂಡಿದ್ದು ನಾನೇ ಆಗಿರ್ತಿದ್ದೆ ಅಕ್ಕ. ನೀವು ಕಳೆದುಬಿಟ್ರಿ."

ಅಷ್ಟು ಹೇಳುವಷ್ಟರಲ್ಲಿ ಅವಳಿಗೆ ಕೆಮ್ಮು ಬಂತು. ಅಕ್ಕ ಬೆನ್ನು ಸವರಲು ಕೈ ಎತ್ತಿದಳು. ಸಿಳ್ಳೆ ಪಕ್ಕಕ್ಕೆ ಸರಿದು, ಗೆಳತಿಯರ ಗುಂಪು ಸೇರಿ ನಡೆದಳು.

ಮುಂದಿನ ವಾರವೂ ಅಕ್ಕ ಹೋದಳು. ಪಾಳಿ ಬಿಟ್ಟು ಕೊನೆಯ ಹೆಂಗಸು ಹೊರಬರುವವರೆಗೂ ಕಾದಳು. ಕಾವಲುಗಾರ ಕನಿಕರದಿಂದ ಹೇಳಿದ: "ಹಿಂದೆ ಇನ್ನೊಂದು ಗೇಟಿದೆಯಮ್ಮ. ನಿಮ್ಮ ತಂಗಿ ಈಗ ಆ ಕಡೆಯಿಂದಲೇ ಹೋಗೋದು."