ಕಿಟಕಿಯ ಪಕ್ಕದ ಜಾಗ

ರೊಟ್ಟಿಯ ಅಂಚು ಮತ್ತೆ ಸೀಳಿತು. ಶೇಖಮ್ಮ ಅದನ್ನು ಮುದ್ದೆ ಮಾಡಿ, ಮೇಲೆ ನೀರು ಚಿಮುಕಿಸಿ, ಮೊದಲಿನಿಂದ ನಾದತೊಡಗಿದಳು. ಒಲೆಯ ಮೇಲೆ ಹಂಚು ಕಾದು ಬೆಳ್ಳಗಾಗಿತ್ತು. ಅವಳ ಅವ್ವ ದುರುಗಮ್ಮ ಪಕ್ಕದಲ್ಲೇ ಮೊಣಕಾಲು ಮಡಚಿ ಕುಳಿತು, ಕೈಹಾಕದೆ ನೋಡುತ್ತಿದ್ದಳು.

"ಬೆರಳಲೆ ಅಲ್ಲ ಬೇ, ಅಂಗೈಲೆ ಬಡಿ. ಪಿಯುಸಿ ಪಾಸಾದಾಕಿ ಬಡಿದ ರೊಟ್ಟಿ ನೋಡು, ದೇವದುರ್ಗದ ರೋಡ್ ಹಂಗ ಆಗ್ಯಾದ."

"ಹಿಟ್ಟೇ ಸರಿ ಇಲ್ಲ."

"ಹಿಟ್ಟು ಸರಿ ಅದ. ಎಸರು ನೀರು ಕಮ್ಮಿ ಹಾಕೀದಿ. ನೋಡಿ ಕಲಿಬೇಕು ಇದನ್ನ, ಓದಿ ಕಲಿಯಾಕ ಬರಂಗಿಲ್ಲ."

ನೋಡಿ ಕಲಿಯುವುದಕ್ಕೆ ಶೇಖಮ್ಮ ಮನೆಯಲ್ಲಿ ಇದ್ದದ್ದಾದರೂ ಯಾವಾಗ? ಐದನೇ ತರಗತಿಗೆ ದೇವದುರ್ಗದ ಹಾಸ್ಟೆಲು, ಆಮೇಲೆ ರಾಯಚೂರಿನ ಹಾಸ್ಟೆಲು. ಅರಕೇರಾದ ಈ ಒಂದಂಕಣದ ಮನೆಗೆ ಅವಳು ದೀಪಾವಳಿಗೆ, ಬೇಸಿಗೆಗೆ ಬಂದು ಹೋಗುವ ನೆಂಟಳು. ಅವ್ವ ನಿದ್ದೆಯಲ್ಲಿ ಹಲ್ಲು ಕಡಿಯುತ್ತಾಳೆಂಬುದು ಅವಳಿಗೆ ಗೊತ್ತಾದದ್ದೇ ಈ ಸಲದ ರಜೆಯಲ್ಲಿ. ಎಪ್ಪತ್ತೆಂಟನೇ ಇಸವಿಯ ಜೂನ್ ತಿಂಗಳು. ಫಲಿತಾಂಶ ಬಂದು ವಾರವಾಗಿತ್ತು. ಸೋಮವಾರ ರಾಯಚೂರಿಗೆ ಹೋಗಿ ಬಿ.ಎ.ಗೆ ಹೆಸರು ಹಚ್ಚಬೇಕು.

"ಯವ್ವಾ," ಎಂದಳು ಶೇಖಮ್ಮ, ಹಿಟ್ಟಿನ ಮೇಲಿಂದ ಕಣ್ಣೆತ್ತದೆ. "ಈ ವರ್ಸ ನಾ ಕಾಲೇಜಿಗೆ ಹೋಗದಿದ್ರ?"

"ಮತ್ತೇನು ಮಾಡ್ತಿ?"

"ನಿನ್ನ ಹತ್ರ ಇರ್ತೀನಿ. ಒಂದ ವರ್ಸ. ಮುಂದಿನ ಜೂನಿಗೆ ವಾಹಿದಾನೂ ನಾನೂ ಕೂಡೇ ಹೋಗ್ತೀವಿ."

ವಾಹಿದಾ ಪಿಯುಸಿಯಲ್ಲಿ ಅವಳ ಬೆಂಚಿನ ಗೆಳತಿ. ಎರಡು ವರ್ಷ ಕಿಟಕಿಯ ಪಕ್ಕ ಅವಳು, ಅವಳ ಪಕ್ಕ ಇವಳು. ಮನೆಯಲ್ಲಿ ಉರ್ದು ಆಡುವ ವಾಹಿದಾ ಕನ್ನಡದ ಒತ್ತಕ್ಷರ ತಿದ್ದಿಕೊಂಡದ್ದು ಶೇಖಮ್ಮನ ನೋಟುಪುಸ್ತಕ ನೋಡಿ. ಮೊನ್ನೆ ಅವಳಿಂದ ಪತ್ರ ಬಂದಿತ್ತು. ತಮ್ಮ ಮನೆಯ ಪದ್ಧತಿಯಂತೆ ಈ ವರ್ಷ ತಾನು ಮನೆಯಲ್ಲಿ ಕೂರಬೇಕು, ನೀನೂ ಕೂತರೆ ಮುಂದಿನ ವರ್ಷ ಜೊತೆಗೇ ಹೋಗೋಣ, ಅಪ್ಪನನ್ನು ಕರೆದುಕೊಂಡು ನಮ್ಮ ಮನೆಗೆ ಬಾ, ಅಮ್ಮೀ ಮಾತಾಡುತ್ತಾಳೆ ಎಂದು ಬರೆದಿದ್ದಳು.

ದುರುಗಮ್ಮ ಮಗಳ ಹಣೆಗೆ ಹತ್ತಿದ ಹಿಟ್ಟನ್ನು ಸೆರಗಿನಿಂದ ಒರೆಸಿದಳು. ಹಿಟ್ಟು ಹೋದ ಮೇಲೂ ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು.

"ನಿಮ್ಮಪ್ಪನ ಮುಂದ ಈ ಮಾತು ಎತ್ತಬ್ಯಾಡ" ಎಂದಳು. ಆದರೆ ಆ ದಿನ ಸಂಜೆ, ಬೆಳಿಗ್ಗೆಯಷ್ಟೇ ಬಾಚಿದ್ದ ಮಗಳ ತಲೆಯನ್ನು ಮತ್ತೆ ಬಿಚ್ಚಿ ಬಾಚಿದಳು.

* * *

ಸೋಮವಾರ ರಾಯಚೂರಿಗೆ ಹೋದಾಗ ಶೇಖಮ್ಮ ಅಪ್ಪನನ್ನು ಮೊದಲು ವಾಹಿದಾಳ ಮನೆಗೆ ಕರೆದೊಯ್ದಳು. ಅದು ಕೋಟೆಯ ಗೋಡೆಗೆ ಹತ್ತಿದ ಓಣಿಯಲ್ಲಿತ್ತು. ಒಳಮನೆಗೂ ಹೊರಗಿನ ಕೋಣೆಗೂ ನಡುವೆ ಒಂದು ಹಸಿರು ಪರದೆ. ಶೇಖಮ್ಮನ ಅಪ್ಪ ಸೂಗಪ್ಪ ಹೊರಗೆ ಕುರ್ಚಿಯ ತುದಿಯಲ್ಲಿ ಕುಳಿತ. ಒಳಗೆ, ಚಾಪೆಯ ಮೇಲೆ, ವಾಹಿದಾಳ ತಾಯಿ ಸುಗ್ರಾ ಬೇಗಂ. ಅವಳ ಹಿಂದೆ ಗೆಳತಿಯರಿಬ್ಬರೂ ಮೊಣಕೈ ತಾಗಿಸಿಕೊಂಡು ಕುಳಿತಿದ್ದರು. ಪರದೆಯ ಕೆಳಗಿನ ಸಂದಿನಲ್ಲಿ ಶೇಖಮ್ಮನಿಗೆ ಅಪ್ಪನ ಪಾದಗಳು ಮಾತ್ರ ಕಾಣುತ್ತಿದ್ದವು. ಹಿಮ್ಮಡಿ ಸೀಳಿದ, ಬಸ್ಸಿನ ಧೂಳು ಹತ್ತಿದ ಪಾದಗಳು.

ವಾಹಿದಾಳ ಅಣ್ಣ ಅಲ್ಲಾಉದ್ದೀನ್ ಚಹಾ ತಂದುಕೊಟ್ಟ. ನೀಲಿ ಹೂವಿನ ಪಿಂಗಾಣಿ ಕಪ್ಪು. ಒಳಗಿದ್ದವರಿಗೆ ಕೊಟ್ಟದ್ದೂ ಅದೇ ಜೋಡಿಯದು. ಊರಿನ ಹೋಟೆಲಿನಲ್ಲಿ ಸೂಗಪ್ಪನ ಕೇರಿಯವರ ಲೋಟ ಹೊರಗಿನ ಗೂಟಕ್ಕೆ ತೂಗಾಡುತ್ತಿತ್ತು. ಹೊರಗೆ ಬಹಳ ಹೊತ್ತು ಚಹಾ ಹೀರುವ ಸಪ್ಪಳ ಕೇಳಲೇ ಇಲ್ಲ. ಆಮೇಲೆ, ಮೆಲ್ಲಗೆ, ಒಂದು ಗುಟುಕು.

"ಸೂಗಪ್ಪ ಭಾಯಿ," ಎಂದಳು ಸುಗ್ರಾ ಬೇಗಂ ಪರದೆಯತ್ತ ಮುಖ ಮಾಡಿ, "ನಮ್ಮ ಖಾನ್‌ದಾನಿನಾಗ ಒಂದು ರಿವಾಜ್ ಅದ. ಪಿಯುಸಿ ಆದಮ್ಯಾಲ ಒಂದ್ ವರ್ಸ ಮನ್ಯಾಗ ಕುಂದ್ರಬೇಕು. ಗಂಡಾಗಲಿ, ಹೆಣ್ಣಾಗಲಿ. ನಮ್ಮ ಅಲ್ಲಾಉದ್ದೀನ್ ಕುಂತ, ಕುರಾನ್ ಪೂರಾ ಬಾಯಿಪಾಠ ಮಾಡಿದ, ಆಮ್ಯಾಲ ಹೈದರಾಬಾದಿಗೆ ಹೋಗಿ ಓದಿದ. ಏನು ಕಮ್ಮಿ ಆತು ಆತಗ? ಮಕ್ಕಳ ತಲಿ ತಣ್ಣಗಾಗತದ. ಮನಿ ಅಂದ್ರ ಏನು ಅಂತ ತಿಳೀತದ."

"ಖರೆ ಅದರೀ ಅಮ್ಮಾ."

"ವಾಹಿದಾ ಈ ವರ್ಸ ಕುಂದ್ರತಾಳ. ಮುಂದ ಕಾಲೇಜಿಗೆ ಕಳಸಾಕ ಇವರ ಅಬ್ಬಾ ಒಪ್ಪ್ಯಾರ. ಆದ್ರ ಒಬ್ಬಾಕಿನ್ನ ಕಳಸಂಗಿಲ್ಲ. ನಿಮ್ಮ ಮಗಳು ಜೋಡಿ ಇದ್ರ ಮಾತ್ರ ಅಂತಾರ. ನಿಮ್ಮ ಹುಡುಗಿನೂ ಒಂದ್ ವರ್ಸ ತಾಯಿ ಹತ್ರ ಇರಲಿ. ಬ್ಯಾಡ ಅಂತೀರೇನು?"

ಪರದೆಯ ಕೆಳಗೆ ಪಾದಗಳು ಒಂದರ ಮೇಲೊಂದು ಸರಿದವು.

"ಅಮ್ಮಾ, ನೀವು ಹೇಳೋದು ನಿಮ್ಮ ಮನಿಗೆ ಸರಿ ಅದರೀ. ನಿಮ್ಮಲ್ಲಿ ಒಂದ ವರ್ಸ ಅಂದ್ರ ಒಂದ ವರ್ಸ. ನಮ್ಮ ಕೇರ್ಯಾಗ ಹಂಗಲ್ರೀ." ಸೂಗಪ್ಪ ಕಪ್ಪನ್ನು ಕೆಳಗಿಟ್ಟ ಸಪ್ಪಳ ಕೇಳಿತು. "ನಾ ಸಾಲ್ಯಾಗ ಮೂರನೇತ್ತಾ ಇದ್ದೆ. ಗೌಡರ ಎತ್ತಿನ ಹಿಂದ ಯಾರೂ ಇಲ್ಲ, ಈ ಉಗಾದಿಯಿಂದ ಬರೋ ಉಗಾದಿ ತನಕ, ಒಂದ ವರ್ಸ, ಅಂದ ನಮ್ಮಪ್ಪ. ಪಾಟಿ ತೊಲಿ ಸಂದ್ಯಾಗ ಇಟ್ಟು ಹೋದೆ, ಬಂದು ತಗೋತೀನಿ ಅಂತ. ಆ ಮನಿ ಬಿಟ್ಟು ಹೊರಗ ಬರೋದ್ರಾಗ ಈಕಿ ಹುಟ್ಟಿದ್ದಳು. ಪಾಟಿ ಚೌಕಟ್ಟಿಗೆ ಗೆದ್ದಲು ಹತ್ತಿತ್ತು."

ಒಳಗೆ ಸುಗ್ರಾ ಬೇಗಂ ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟಳು.

"ನಡಿಯೋ ಬಂಡಿ ಅಮ್ಮಾ ನಮ್ಮದು. ಏರಿನ್ಯಾಗ ನಿಂದ್ರಸಿದ್ರ ಹಿಂದಕ ಉರುಳತದ. ಒಂದ ದಿನಾನೂ ನಿಂದ್ರಸಾಕ ಧೈರ್ಯ ಇಲ್ಲ ನನಗ."

ಸುಗ್ರಾ ಬೇಗಂ ತಿರುಗಿ ಶೇಖಮ್ಮನ ಗದ್ದ ಹಿಡಿದಳು. "ನೀ ಹೇಳು ಬೇಟಾ. ಓದಾಕಿ ನೀನು. ನಿನ್ನ ಮನಸಿನಾಗ ಏನದ?"

ಶೇಖಮ್ಮನ ಮನಸ್ಸಿನಲ್ಲಿ ಏನಿದೆಯೆಂದು ವಾಹಿದಾಳಿಗೆ ಗೊತ್ತಿತ್ತು. ಅವಳ ಮೊಣಕೈ ಇವಳ ಮೊಣಕೈಯನ್ನು ಒತ್ತುತ್ತಿತ್ತು. 'ನಾನೂ ಕೂರುತ್ತೇನೆ' ಎಂದರೆ ಸಾಕಿತ್ತು. ಅವ್ವನ ಪಕ್ಕ ಒಂದು ಮಳೆಗಾಲ, ಒಂದು ಚಳಿಗಾಲ, ಒಂದು ಬೇಸಿಗೆ. ಆಮೇಲೆ ಕಿಟಕಿಯ ಪಕ್ಕದ ಬೆಂಚು. ಅವಳು ಪರದೆಯ ಸಂದಿನತ್ತ ನೋಡಿದಳು. ಅಪ್ಪನ ಕಾಲ್ಬೆರಳುಗಳು, ಜಾರುವ ಬದುವಿನ ಮೇಲೆ ನಿಂತವನ ಹಾಗೆ, ನೆಲವನ್ನು ಬಿಗಿಯಾಗಿ ಹಿಡಿದಿದ್ದವು.

ಅವಳು ಹ್ಞೂಂ ಅನ್ನಲಿಲ್ಲ, ಉಹುಂ ಅನ್ನಲಿಲ್ಲ.

"ಆತು ಬಿಡವಾ" ಎಂದಳು ಸುಗ್ರಾ ಬೇಗಂ, ಗದ್ದ ಬಿಟ್ಟು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಹೊರಡುವಾಗ ವಾಹಿದಾ ಬಾಗಿಲ ಮರೆಗೆ ಎಳೆದುಕೊಂಡು ಹೋಗಿ, ತನ್ನ ದಸ್ತಿಯನ್ನು ಗೆಳತಿಯ ಕೈಗೆ ತುರುಕಿದಳು. ಬಿಳಿಯ ಕರವಸ್ತ್ರ, ಅಂಚಿಗೆ ಅವಳೇ ಹಾಕಿದ ಕೆಂಪು ದಾರದ ಹೊಲಿಗೆ.

"ಬಸ್ಸಿನಾಗ ಕಿಡಕ್ಯಾಗಿಂದ ಒಗದು ಸೀಟ್ ಹಿಡಿತಾರಲ್ಲ, ಹಂಗ ಬೆಂಚಿನ ಮ್ಯಾಲ ಹಾಕು. ಯಾರರ ಕುಂದ್ರಾಕ ಬಂದ್ರ, ಜನ ಅದಾರ್ರೀ, ಬರಾಕತ್ತಾರ ಅನ್ನು." ನಗುತ್ತಲೇ ಹೇಳಿದಳು. "ಒಂದ ವರ್ಸ ಹಿಡಿ ಸಾಕು. ಒಂದ ವರ್ಸ ಹಿಡಿಯಾಕ ಆಗಂಗಿಲ್ಲೇನು?"

* * *

ಮೊದಲ ವಾರ ಶೇಖಮ್ಮ ನಿಜವಾಗಿಯೂ ದಸ್ತಿ ಹಾಕಿದಳು. ಕಿಟಕಿಯ ಪಕ್ಕ ಅದನ್ನು ಹಾಸಿ, ತಾನು ಈಚೆ ಕುಳಿತಳು. ಎರಡನೇ ವಾರ ಲಿಂಗಸೂಗೂರಿನ ಹುಡುಗಿಯೊಬ್ಬಳು, "ಯಾರು ಬರತಾರ ಇಲ್ಲಿ?" ಎಂದು ಕೇಳಿದಳು. ಶೇಖಮ್ಮ ದಸ್ತಿ ತೆಗೆದು ಮಡಚಿ ಪುಸ್ತಕದಲ್ಲಿಟ್ಟುಕೊಂಡಳು.

ದಸರೆಯ ಹೊತ್ತಿಗೆ ವಾಹಿದಾಳ ನೀಲಿ ಇನ್‌ಲ್ಯಾಂಡ್ ಪತ್ರ ಬಂತು. 'ಕಾಲೇಜು ಹೆಂಗ ಅದ? ಕಿಡಕಿಯಿಂದ ಏನು ಕಾಣಸ್ತದ? ನನ್ನ ಜಾಗ ಅದ ಅಲ್ಲ?' ಶೇಖಮ್ಮ ಉತ್ತರ ಬರೆಯಲು ಕುಳಿತಳು. ಕಾಲೇಜು ಚೆನ್ನಾಗಿದೆ ಎಂದರೆ ಅವಳಿಗೆ ನೋವು. ಚೆನ್ನಾಗಿಲ್ಲ ಎಂದರೆ ಸುಳ್ಳು. ಅವಳ ಹೆಸರಷ್ಟೇ ಬರೆದ ಹಾಳೆ ಹಾಗೇ ಉಳಿಯಿತು. ಕೋಟೆಯ ಓಣಿ ಹಾಸ್ಟೆಲಿನಿಂದ ಅರ್ಧ ಗಂಟೆಯ ನಡಿಗೆ; ಎರಡು ಸಲ ಹೊರಟು ಅರ್ಧ ದಾರಿಯಿಂದಲೇ ತಿರುಗಿದಳು. ಮರುವರ್ಷ ಮೇ ತಿಂಗಳಲ್ಲಿ, ವಾಹಿದಾಳ ನಿಕಾಹ್ ಆಯಿತೆಂದು ಹಳೆಯ ಸಹಪಾಠಿಯೊಬ್ಬಳು ಹೇಳಿದಳು. ಜೊತೆ ಇಲ್ಲವೆಂದು ಅವರಪ್ಪ ಕಾಲೇಜಿನ ಮಾತು ಬಿಟ್ಟರಂತೆ. ಅಷ್ಟರಲ್ಲಿ ಒಳ್ಳೆಯ ಸಂಬಂಧ ಬಂತಂತೆ. ಮೊದಲು ಬರೆಯಲು ಮಾತು ಸಿಕ್ಕಿರಲಿಲ್ಲ. ಈಗ ಮುಖ ಉಳಿಯಲಿಲ್ಲ.

ಸೂಗಪ್ಪನ ಬಂಡಿ ಮಾತ್ರ ನಿಲ್ಲಲಿಲ್ಲ. ಬಿ.ಎ. ಆಯಿತು, ಬಿ.ಎಡ್. ಆಯಿತು, ಮಾನ್ವಿಯ ಹೈಸ್ಕೂಲಿನಲ್ಲಿ ನೌಕರಿ ಆಯಿತು. ದುರುಗಮ್ಮ ಮಗಳ ಮೊದಲ ಸಂಬಳದ ಸೀರೆ ಉಟ್ಟು, ಅದೇ ವರ್ಷ ಜ್ವರದಲ್ಲಿ ತೀರಿಕೊಂಡಳು. ಯಾರಾದರೂ ಲಗ್ನದ ಮಾತು ತೆಗೆದರೆ ಸೂಗಪ್ಪ, "ಎಂ.ಎ. ಒಂದು ಆಗಲಿ" ಎನ್ನುತ್ತಿದ್ದ.

* * *

ಎಂಬತ್ತಾರರ ಜುಲೈ. ಮಾನ್ವಿ ಬಸ್ ನಿಲ್ದಾಣದಲ್ಲಿ ಯಾರೋ ಶೇಖಮ್ಮನ ಎದುರಿಗೆ ನಿಂತು, "ನೀವು ಶೇಖಮ್ಮ ಅಲ್ಲೇನ್ರೀ?" ಎಂದರು. ಗಡ್ಡದಲ್ಲಿ ಒಂದೆರಡು ನರೆಗೂದಲು ಬಂದಿದ್ದರೂ ಅಲ್ಲಾಉದ್ದೀನನ ಗುರುತು ಹತ್ತಿತು. ನೀರಾವರಿ ಕಚೇರಿಯ ಕೆಲಸಕ್ಕೆ ಬಂದಿದ್ದ.

"ವಾಹಿದಾ ಆರಾಮ ಅದಾಳ್ರೀ. ರಾಯಚೂರಾಗೇ. ಎರಡು ಮಕ್ಕಳು. ಕಿರಾಣಿ ಅಂಗಡಿ ಅದ ಅವರದು. ಪುಡಿಕಿ ಕಟ್ಟಾಕ ತಂದ ಪೇಪರ್ ಎಲ್ಲಾ ಮೊದಲು ಈಕಿನೇ ಓದಬೇಕು. ಆಮ್ಯಾಲ ಗಂಡಗ ಕೊಡತಾಳ." ಅವನು ನಕ್ಕ. "ಈಗೂ ಯಾರರ ಎಷ್ಟು ಓದಿಯವಾ ಅಂದ್ರ, 'ಪಿಯುಸಿ ಆಗ್ಯಾದ, ಒಂದ್ ವರ್ಸ ಮನ್ಯಾಗ ಕುಂತೀನಿ' ಅಂತಾಳ ನೋಡ್ರೀ. ಎಂಟು ವರ್ಸ ಆತು, ಅದೇ ಮಾತು. ಮನಿ ಮಂದಿ ಎಲ್ಲಾ ನಗತಾರ."

"ಆಕಿನೂ ನಗತಾಳೇನ್ರೀ?"

ಅಲ್ಲಾಉದ್ದೀನನ ನಗು ಇಳಿಯಿತು. "ನೋಡಿಲ್ರೀ ನಾನು" ಎಂದ. ಬಸ್ ಟಿಕೀಟಿನ ಹಿಂದೆ ವಿಳಾಸ ಬರೆದುಕೊಟ್ಟು ಹೋದ.

ಶಾಲೆಯ ಗುಮಾಸ್ತ ಮಹಾಂತಯ್ಯ ಅವಳ ಎಂ.ಎ. ಅರ್ಜಿ ತರಲು ಗುಲ್ಬರ್ಗದ ವಿಶ್ವವಿದ್ಯಾಲಯಕ್ಕೆ ಹೊರಟಾಗ ಶೇಖಮ್ಮ, ಮನೆಯಲ್ಲೇ ಓದಿ ಪರೀಕ್ಷೆಗೆ ಕೂರುವವರ ಬಿ.ಎ. ಅರ್ಜಿಯೂ ಒಂದು ಬೇಕೆಂದಳು.

"ಬಿ.ಎ. ಆಗ್ಯಾದಲ್ರೀ ಟೀಚರ್ ನಿಮ್ಮದು? ಮತ್ತ ಮೊದಲಿಂದ ಶುರು ಮಾಡ್ತೀರೇನು?"

"ಒಬ್ಬರಿಗೆ ಬೇಕ್ರೀ."

ಅರ್ಜಿ ಬಂದು ಹದಿನೈದು ದಿನ ಕಪಾಟಿನಲ್ಲೇ ಇತ್ತು. ಕೊನೆಯ ತಾರೀಖಿಗೆ ಹನ್ನೆರಡು ದಿನ ಉಳಿದಾಗ, ಒಂದು ಭಾನುವಾರ, ಸೂಗಪ್ಪ ಹೆಗಲ ಮೇಲೆ ಜೋಳದ ಚೀಲ ಹೊತ್ತು ಅರಕೇರಾದಿಂದ ಬಂದ. ಶೇಖಮ್ಮ ರೊಟ್ಟಿ ಬಡಿದು ತಾಟಿಗೆ ಹಾಕಿದಳು. ಅವನು ರೊಟ್ಟಿಯನ್ನು ತಿರುಗಿಸಿ, ಅದರ ಅಂಚನ್ನು ಬೆರಳಿನಿಂದ ಸವರಿದ.

"ನಿಮ್ಮವ್ವ ಬಡಿದ ರೊಟ್ಟಿ ಅಂಚು ಸೀಳತಿದ್ದಿಲ್ಲ" ಎಂದ.

"ನನಗ ಬರೂದಿಲ್ಲ ಯಪ್ಪಾ."

"ಹ್ಞೂಂ." ಮುರಿದ ತುತ್ತು ಕೈಯಲ್ಲೇ ಉಳಿಯಿತು. "ಒಂದ ವರ್ಸ ಆಕಿ ಹತ್ರ ಬಿಟ್ಟಿದ್ರ ಕಲಿತಿದ್ದಿ."

ಶೇಖಮ್ಮ ಒಲೆಯತ್ತ ತಿರುಗಿದಳು. ಹಂಚಿನ ಮೇಲಿದ್ದ ರೊಟ್ಟಿ ಹೊತ್ತುತ್ತಿತ್ತು.

"ಆ ಸಾಬರ ಹುಡುಗಿ," ಎಂದ ಸೂಗಪ್ಪ ತುತ್ತು ನುಂಗಿ, "ಮುಂದ ಓದಿದಳೇನು?"

"ಇಲ್ಲ."

ಸೂಗಪ್ಪ ಊಟ ಮುಗಿಸಿ, ಕೈ ತೊಳೆದು, ಹೊಸ್ತಿಲ ಮೇಲೆ ಕುಳಿತ. "ಹೂವಿಂದು ಕಪ್ಪು ಕೊಟ್ಟಿದ್ರು ನನಗ," ಎಂದ, ಹೊರಗೆ ನೋಡುತ್ತಲೇ. "ಚಹಾ ಸೈತ ಪೂರಾ ಕುಡಿಲಿಲ್ಲ ನಾನು."

ಅವನು ಅಲ್ಲೇ ಟವೆಲ್ ಹಾಸಿ ಮಲಗಿದ ಮೇಲೆ ಶೇಖಮ್ಮ ಹಾಳೆ ತೆಗೆದಳು. 'ವಾಹಿದಾ, ಅವತ್ತು ನಿಮ್ಮಮ್ಮ ಗದ್ದ ಹಿಡಿದು ಕೇಳಿದಾಗ ನಾ ಬಾಯಿ ತೆಗೀಲಿಲ್ಲ' ಎಂದು ಶುರುಮಾಡಿದಳು. ಎಂಟು ವರ್ಷ ಹೆಸರಿನ ಮುಂದೆ ಹೋಗದಿದ್ದ ಕಾಗದ ಎರಡು ಹಾಳೆ ತುಂಬಿತು. ಕಾಲೇಜಿನ ಕಿಟಕಿಯಿಂದ ಏನು ಕಾಣುತ್ತಿತ್ತೆಂದೂ ಬರೆದಳು: ಒಂದು ಬೇವಿನ ಮರ, ಅದರ ಕೆಳಗೆ ಸೈಕಲ್ಲುಗಳು, ಆಚೆಗೆ ದೂರದಲ್ಲಿ ನಿಮ್ಮ ಓಣಿಯ ಕಡೆಯ ಕೋಟೆಯ ಗುಡ್ಡ. ಅರ್ಜಿಯನ್ನು ಮಡಚಿ ಪತ್ರದೊಳಗಿಟ್ಟಳು. ಕಪಾಟಿನ ತಳದಿಂದ ದಸ್ತಿ ತೆಗೆದಳು. ಬಿಳುಪು ಹಳದಿಗೆ ತಿರುಗಿತ್ತು. ಕೆಂಪು ದಾರ ಹಾಗೇ ಇತ್ತು. ಅದನ್ನೂ ಇಟ್ಟು ಲಕೋಟೆ ಅಂಟಿಸಿದಳು.

ಸಂಜೆ ಅಪ್ಪನನ್ನು ಬಸ್ಸಿಗೆ ಹತ್ತಿಸಲು ಹೋದಾಗ ನಿಲ್ದಾಣದ ಗೇಟಿನ ಬಳಿಯ ಕೆಂಪು ಅಂಚೆಡಬ್ಬಿಗೆ ಲಕೋಟೆ ಹಿಡಿದಳು. ದಸ್ತಿಯಿಂದಾಗಿ ಅದು ಉಬ್ಬಿತ್ತು. ಡಬ್ಬಿಯ ಬಾಯಿಯಲ್ಲಿ ಅರ್ಧಕ್ಕೆ ಸಿಕ್ಕಿಕೊಂಡಿತು. ಸೂಗಪ್ಪ ಚೀಲ ಕೆಳಗಿಟ್ಟು ಬಂದು, ಯಾರಿಗೆಂದು ಕೇಳದೆ, ಮಗಳ ಕೈಯ ಮೇಲೆ ತನ್ನ ಕೈಯಿಟ್ಟು ಒತ್ತಿದ. ಲಕೋಟೆ ಒಳಗೆ ಬಿದ್ದ ಸಪ್ಪಳ ಕೇಳಿತು.

ಅಷ್ಟರಲ್ಲಿ, ಅಪ್ಪನ ಬಸ್ಸಿಗಿಂತ ಮೊದಲೇ, ರಾಯಚೂರಿನ ಬಸ್ಸು ಧೂಳೆಬ್ಬಿಸುತ್ತ ಬಂದು ತಿರುಗಿತು. ಅದು ನಿಲ್ಲುವ ಮೊದಲೇ ಜನ ಎರಡೂ ಬದಿಗೆ ಓಡಿ, ಕಿಟಕಿಗಳಿಂದ ಟವೆಲ್ಲು, ಚೀಲ, ದಸ್ತಿ ಒಗೆಯತೊಡಗಿದರು. ಬಾಗಿಲಲ್ಲಿ ನೂಕಾಟ ನಡೆದಿತ್ತು. ಒಳಗೆ, ಕಿಟಕಿಯ ಪಕ್ಕದ ಒಂದು ಸೀಟಿನ ಮೇಲೆ ಯಾರದೋ ಸಣ್ಣ ಬಿಳಿ ಬಟ್ಟೆ ಬಿದ್ದಿತ್ತು. ಒಬ್ಬೊಬ್ಬರೇ ಹತ್ತಿ ಬಂದವರು ಅದನ್ನು ನೋಡಿ, ಮುಂದೆ ಸರಿದು ಹೋಗುತ್ತಿದ್ದರು.